ತಾಳಿ ಕಟ್ಟಿದ ಹೊತ್ತು

ತನ್ನದೇ ದನಿ ಕೇಳಿಸುವ ಮೊದಲೇ ತಿಮ್ಮೇಶ್ ಸ್ಪೀಕರಿನ ಗುಂಡಿ ತಿರುಗಿಸಿ ಸದ್ದಡಗಿಸಿದ. ಗುಬ್ಬಿಯ ಅವನ ಸೈಬರ್ ಸೆಂಟರಿನ ಪರದೆಯಲ್ಲಿ, ಅವನೇ ಚಿತ್ರೀಕರಿಸಿದ್ದ ಮಂಗಳಗೌರಿಯ ಮದುವೆ ಓಡುತ್ತಿತ್ತು. ತಾಳಿ ಕಟ್ಟುವಾಗ ಮೂಲೆಯಲ್ಲಿ ಹತ್ತೂಮುಕ್ಕಾಲು ಎಂದಿತ್ತು. ಶುಕ್ರವಾರ ಹತ್ತೂವರೆಗೇ ರಾಹುಕಾಲ ಶುರು.

"ಬೀಗರು ಸಿ.ಡಿ. ನೋಡಿ, ರಾಹುಕಾಲ್ದಲ್ಲಿ ತಾಳಿ ಕಟ್ಸಿದೀರ, ಮಗಳನ್ನ ಕರ್ಕೊಂಡೋಗಿ ಅಂತವ್ರೆ. ನಿನ್ ಮಿಷನ್ ಟೈಮೇ ತಪ್ಪು ಅಲ್ವೇನಪ್ಪ?" ಹುಡುಗಿಯ ತಾಯಿ ವನಜಾಕ್ಷಿ ಕೇಳಿದರು. ಮಗಳು ಹಿಂದೆ ನಿಂತಿದ್ದಳು.

ವೆಬ್‌ಕ್ಯಾಮು, ಕಂಪ್ಯೂಟರು, ಸರ್ವರು ಎಲ್ಲದರ ಗಡಿಯಾರವನ್ನೂ ತಿಮ್ಮೇಶ್ ಮದುವೆಯ ದಿನ ಬೆಳಗ್ಗೆಯೇ ತಾಳೆ ನೋಡಿದ್ದ. ಒಂದೂ ತಪ್ಪಿರಲಿಲ್ಲ. ದುಬೈಯಲ್ಲಿದ್ದ ಹುಡುಗಿಯ ಅಣ್ಣನಿಗೆ ಲೈವ್ ತೋರಿಸಲು ಲೈನ್ ಸಿಗದೆ, "ಒಂದ್ನಿಮಿಷ ತಡೀರಿ ಅಯ್ನೋರೆ, ಕನೆಕ್ಟ್ ಆಗ್ತೈತೆ" ಎಂದು ಪುರೋಹಿತರನ್ನು ಮತ್ತೆ ಮತ್ತೆ ನಿಲ್ಲಿಸಿದವನು ಅವನೇ. ಛತ್ರದ ಗಲಾಟೆಯಲ್ಲಿ ಯಾರೂ ಗಡಿಯಾರ ನೋಡಿರಲಿಲ್ಲ.

"ಹೌದಮ್ಮ, ಸರ್ವರ್ ಟೈಮ್ ತಪ್ಪಿತ್ತು" ಎಂದು ವಿಡಿಯೋದ ಮೂಲೆಯಲ್ಲಿದ್ದ ಗಂಟೆಯನ್ನು ಹಿಂದಕ್ಕೆ ತಿದ್ದಿದ. "ನನ್ ಮಗಳ ಬಾಳು ಉಳಿಸ್ದೆ ಕಣಪ್ಪ" ಎಂದು ವನಜಾಕ್ಷಿ ಕೈಮುಗಿದಾಗ ಅವನಿಗೆ ತಲೆಯೆತ್ತಲಾಗಲಿಲ್ಲ. ಅವರು ಮೆಟ್ಟಿಲಿಳಿದ ಮೇಲೆ ಮಂಗಳಗೌರಿ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದಳು:

"ಅಣ್ಣ, ನೀವು ತಡೀರಿ ಅಂದಿದ್ದನ್ನೂ ತೆಗ್ದ್ಬುಡಿ."