ಹತ್ತು ಗಂಟೆಯ ಪಾಠ

ಬೆಳಿಗ್ಗೆ ಹತ್ತರ ನಂತರದ ಬಿಸಿಲು ಪ್ರಾಣ ತೆಗೆಯುತ್ತಿತ್ತು. ಪಟ್ಟಣಗಳಲ್ಲಿ ಆ ಹೊತ್ತಿಗೆ ಸೈರನ್ ಕೂಗಿ ಎಲ್ಲರೂ ಒಳಗೆ ಸೇರುತ್ತಿದ್ದರು. ಈ ಕಲ್ಲುಗಣಿಯಲ್ಲಿ ಇದ್ದದ್ದು ಕೂಲಿಗಳ ಮೇಲ್ವಿಚಾರಕ ಮುಕಾದಮ ಬಡಿಯುವ ರೈಲುಕಂಬಿಯ ತುಂಡು ಮಾತ್ರ. ಅದು ಸದ್ದಾಗದೆ ಯಾರೂ ಸುತ್ತಿಗೆ ಕೆಳಗಿಡುವಂತಿರಲಿಲ್ಲ. ಅವನು ಬಡಿಯುತ್ತಿದ್ದುದು ಹನ್ನೊಂದಕ್ಕೆ.

ಭೀಮಬಾಯಿಯ ಅಪ್ಪ ಬಿಸಿಲು ಬಡಿದು ಇಲ್ಲೇ ಸತ್ತದ್ದು ಹತ್ತೂವರೆಗೆ. ಅವಳು ದೇಶದ ಆರೋಗ್ಯ ಸೇವಾದಳ ಸೇರಿ, ಹಟ ಹಿಡಿದು ಇದೇ ಗಣಿಗೆ ಬಿಸಿಲಿನಿಂದ ಜೀವ ಉಳಿಸಿಕೊಳ್ಳುವ ಪಾಠ ಹೇಳಲು ಬಂದಿದ್ದಳು.

"ಪಾಠ ಸಂಜಿಗಿ ಹೇಳವ್ವಾ," ಎಂದ ಮುಕಾದಮ.

"ಸಂಜಿಗಿ ಕೇಳಾಕ ಯಾರ್ ಉಳಿತಾರ್ರಿ?"

ಹತ್ತಾಗುತ್ತಲೇ ಭೀಮಬಾಯಿ ಕಂಬಿ ಬಡಿದಳು. ಮೊದಲು ಸುತ್ತಿಗೆ ಕೆಳಗಿಟ್ಟವಳು ಇನ್ನೂ ಅಲ್ಲೇ ಕಲ್ಲು ಒಡೆಯುತ್ತಿದ್ದ ಅವಳ ಅವ್ವ. ಆಮೇಲೆ ಉಳಿದವರೂ ಇಟ್ಟು ನೆರಳಿನತ್ತ ನಡೆದರು.

"ಅದನ್ನ ಬಡಿಯೋದು ನನ್ನ ಕೆಲಸ," ಮುಕಾದಮ ಗದರಿದ.

"ಪಾಠ ಹೇಳೋದು ನಂದ್ರಿ. ಇವತ್ತಿಂದು ಮುಗೀತು, ನಾಳಿಗೂ ಹತ್ತಕ್ಕ ಐತಿ," ಎಂದು ಅವಳು ಕಂಬಿ ಬಡಿಯುವ ಸರಳನ್ನು ಸೇವಾದಳದ ಚೀಲಕ್ಕೆ ಹಾಕಿಕೊಂಡಳು.