ತಾಗಿಸದ ಗ್ಲಾಸು

"ರೀ, ಗ್ಲಾಸ್ ತಾಗಿಸ್ಬೇಡಿ! ಸತ್ತೋರ ಹೆಸರಲ್ಲಿ ಕುಡಿಯೋವಾಗ ಇವ್ರು ತಾಗಿಸಲ್ವಂತೆ," ಎಂದು ರುಕ್ಮಿಣಿ ಪಿಸುಗುಟ್ಟಿದಾಗ ಚಕ್ರಪಾಣಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ.

ಅಮೆರಿಕದ ಸಮಾಮಿಶ್‌ನಲ್ಲಿ ಅವರ ಪಕ್ಕದ ಮನೆಯ ಅರ್ಷಾಕ್‌ಗೆ ಅಂದು ಎಂಬತ್ತನೆಯ ಹುಟ್ಟುಹಬ್ಬ. ಅರ್ಮೇನಿಯನ್ ಕಮಾಂಡರ್ ಆಗಿ ಅವರು ಹಿಂದೆ ಒಂದು ಊರನ್ನು ಗೆದ್ದಿದ್ದರು. ಆ ಗೆಲುವೇ ಅವರನ್ನು ಮಂತ್ರಿ ಮಾಡಿತ್ತು. ಈಗ ಊರು ಮತ್ತೆ ಶತ್ರುಗಳ ವಶವಾಗಿತ್ತು, ಅದಕ್ಕಾಗಿ ಮಡಿದ ಹುಡುಗರ ಗೋರಿಗಳ ಸಮೇತ. ಆ ಹುಡುಗರ ಹೆಸರಿನಲ್ಲಿ ಎಲ್ಲರೂ ಮೌನವಾಗಿ ಕುಡಿದರು.

ತಪ್ಪು ತಿದ್ದಿಕೊಳ್ಳುವ ಆತುರದಲ್ಲಿ ಚಕ್ರಪಾಣಿ ದಾಳಿಂಬೆ ಜ್ಯೂಸಿನ ಗ್ಲಾಸನ್ನು ಮತ್ತೆ ಎತ್ತಿದ. "ಇದು ನಿಮ್ಮ ಆಯುಷ್ಯಕ್ಕೆ, ಕಮಾಂಡರ್! ನೂರು ವರ್ಷ ಬಾಳಿ."

ಎಲ್ಲರ ಗ್ಲಾಸುಗಳೂ ಅವರತ್ತ ಚಾಚಿಕೊಂಡವು. ಅರ್ಷಾಕ್ ನಗುತ್ತಲೇ ತಮ್ಮ ಗ್ಲಾಸನ್ನು ಎದೆಗೆ ಅವುಚಿಕೊಂಡು, ಯಾರಿಗೂ ತಾಗಿಸದೆ ಕುಡಿದರು.