ಗಿಟಾರ್ ಮತ್ತು ಡ್ರಮ್ ಮಾತ್ರ

ಹೊಸ ಬ್ಲೂಸ್-ರಾಕ್ ಆಲ್ಬಂನಲ್ಲಿ ಗಿಟಾರ್ ಮತ್ತು ಡ್ರಮ್ ಬಿಟ್ಟರೆ ಬೇರೇನೂ ಇರುವುದಿಲ್ಲ ಎಂದು ಗಿಟಾರ್ ನುಡಿಸುವ ಬೋಪಣ್ಣ ಹೇಳಿದಾಗ, ಡ್ರಮ್ಮರ್ ಪರಶಿವ ಕೈಲಿದ್ದ ಸ್ಟಿಕ್ಕುಗಳನ್ನು ಕೆಳಗಿಟ್ಟುಬಿಟ್ಟ.

"ಹಾಗಾದ್ರೆ ಅನ್ವರ್? ಅವನ ಬಾಸ್ ಗಿಟಾರ್ ಇಲ್ದೆ ನಮ್ಮ ಹಾಡು ಹಾಡಾಗುತ್ತಾ?"

"ಶುರು ಮಾಡಿದಾಗ ನಾವಿಬ್ರೇ ಇದ್ವಲ್ಲ. ನಿಮ್ಮಪ್ಪನ ಗ್ಯಾರೇಜಲ್ಲಿ ನುಡಿಸ್ತಿದ್ದ ಹಾಗೇ ನುಡಿಸೋಣ."

"ಜಗಳ ಆಡಿದ್ರಾ? ನಾನು ಆಸ್ಪತ್ರೇಲಿ ಬಿದ್ದಿದ್ದಾಗ ಅವನನ್ನ ಓಡಿಸಿಬಿಟ್ಯಾ?"

"ಇಲ್ವೋ. ಮೊದಲು ಈ ಒಂದು ಹಾಡು ನುಡಿಸು."

ಪರಶಿವನ ದನಿ ಏರಿತು. "ಅನ್ವರ್ ಬರೋ ತನಕ ನಾನು ಸ್ಟಿಕ್ ಮುಟ್ಟಲ್ಲ. ಫೋನ್ ಕೊಡು, ನಾನೇ ಅವನನ್ನ ಕರೀತೀನಿ."

ಫೋನ್ ಹೊರಗಿದೆ ಎಂದು ಹೇಳಿ ಬೋಪಣ್ಣ ಸ್ಟುಡಿಯೋದಿಂದ ಆಚೆ ಬಂದ. ಬಾಗಿಲ ಬಳಿ ಪರಶಿವನ ಹೆಂಡತಿ ಕಲಾವತಿ ಕುಳಿತಿದ್ದಳು.

"ಅನ್ವರ್ ಎಲ್ಲಿ ಅಂತ ಕೇಳ್ತಿದಾನೆ," ಎಂದು ಬೋಪಣ್ಣ ಮೆಲ್ಲಗೆ ಹೇಳಿದ. "ಏನು ಮಾಡ್ಲಿ? ಹೇಳಿಬಿಡ್ಲಾ?"

ಅವಳು ಬೇಡವೆಂದು ತಲೆಯಾಡಿಸಿದಳು.

"ತಲೆಗೆ ಪೆಟ್ಟು ಬಿದ್ದ ಮೇಲೆ ಅವರಿಗೆ ಹೊಸದಾಗಿ ಹೇಳಿದ್ದೇನೂ ನೆನಪಲ್ಲಿ ನಿಲ್ತಿಲ್ಲ ಅಣ್ಣ. ಅದೇ ಆಕ್ಸಿಡೆಂಟಲ್ಲಿ ಅನ್ವರ್ ಹೋದ ಅಂತ ದಿನಾ ಹೇಳ್ತೀನಿ, ದಿನಾ ಈಗಷ್ಟೇ ಹೋದ ಹಾಗೆ ಅಳ್ತಾರೆ."